ಔಷಧದ ಲೆಕ್ಕವನ್ನೂ ಬಲ್ಲವರು: ಡಾ. ವಿಕ್ರಂ ಸಾರಾಭಾಯಿ

ಡಾ. ವಿಕ್ರಂ ಸಾರಾಭಾಯಿ ಎಂದೊಡನೆ ನಮಗೆ ನೆನಪಾಗುವುದು ರಾಕೆಟ್ಟು, ಉಪಗ್ರಹ. ಅವರ ಬದುಕಿಗೆ ಔಷಧದ ಮುಖವೊಂದಿತ್ತು. ಅದು ವಡೋದರಾ ನಗರಕ್ಕೆ ಸೇರಿದ್ದು.

1919ರ ಆಗಸ್ಟ್ 12ರಂದು ಅಹಮದಾಬಾದಿನ ಗಿರಣಿ ಮಾಲೀಕ ಅಂಬಾಲಾಲ್ ಹಾಗೂ ಸರಳಾದೇವಿ ದಂಪತಿಗಳ ಮಗನಾಗಿ ಜನಿಸಿದ ವಿಕ್ರಂ, ಕೇಂಬ್ರಿಡ್ಜಿನಲ್ಲಿ ವ್ಯಾಸಂಗ ಮಾಡಿದರು. ಮಹಾಯುದ್ಧ ಅವರನ್ನು ಸ್ವದೇಶಕ್ಕೆ ಮರಳಿಸಿತು. ಅದು ನಮ್ಮ ಬೆಂಗಳೂರಿನ ಭಾಗ್ಯ! ಭಾರತೀಯ ವಿಜ್ಞಾನ ಮಂದಿರದಲ್ಲಿ ಸರ್ ಸಿ.ವಿ. ರಾಮನ್ ಅವರ ಬಳಿ ವಿಶ್ವಕಿರಣಗಳ ಸಂಶೋಧನೆಯಲ್ಲಿ ತೊಡಗಿದರು. ನೃತ್ಯ ಕಲಾವಿದೆ ಮೃಣಾಲಿನಿಯವರ ಪರಿಚಯವಾದದ್ದೂ ಅಲ್ಲಿಯೇ, 1942ರಲ್ಲಿ ವಿವಾಹ. 1947ರಲ್ಲಿ ಡಾಕ್ಟರೇಟ್ ಪಡೆದು, ಅದೇ ವರ್ಷ ಅಹಮದಾಬಾದಿನಲ್ಲಿ ಭೌತ ಸಂಶೋಧನಾಲಯವನ್ನು ಸ್ಥಾಪಿಸಿದರು.

1950ರ ದಶಕದಲ್ಲಿ ಅವರು ವಡೋದರಾದ ಸಾರಾಭಾಯಿ ಕೆಮಿಕಲ್ಸ್ ಸಂಸ್ಥೆಯ ಹೊಣೆ ಹೊತ್ತರು. ಪೆನಿಸಿಲಿನ್ ಜಗತ್ತನ್ನು ಬೆರಗುಗೊಳಿಸಿದ್ದ ಕಾಲವದು. ಮುಂದೆ ಕಲ್ಕತ್ತೆಯ ಸ್ಟ್ಯಾಂಡರ್ಡ್ ಫಾರ್ಮಸ್ಯುಟಿಕಲ್ಸ್ ಕಂಪನಿಯ ಆಡಳಿತವೂ ಅವರ ಕೈಸೇರಿ, ಅಲ್ಲಿ ಪೆನಿಸಿಲಿನ್ ದೊಡ್ಡ ಪ್ರಮಾಣದಲ್ಲಿ ತಯಾರಾಯಿತು. ಮೂರು ಅಮೈನೋ ಆಮ್ಲಗಳ ಪುಟ್ಟ ಸರಪಳಿಯಿಂದ, ಅಂದರೆ ಪೆಪ್ಟೈಡ್‌ನಿಂದ, ಒಂದು ಬೂಷ್ಟು ನೇಯುವ ಅಸ್ತ್ರ ಈ ಪೆನಿಸಿಲಿನ್. ಬ್ಯಾಕ್ಟೀರಿಯಾ ತನ್ನ ಕೋಶದ ಗೋಡೆ ಕಟ್ಟುವುದನ್ನು ಅದು ತಡೆಯುತ್ತದೆ. ಆದರೆ ಅದನ್ನು ಒಡೆಯುವ ಕಿಣ್ವ ಬ್ಯಾಕ್ಟೀರಿಯಾದಲ್ಲಿರುವುದು 1940ರಲ್ಲೇ ಪತ್ತೆಯಾಗಿತ್ತು. ಔಷಧ ಅಂಗಡಿಗೆ ಬರುವ ಮೊದಲೇ ಶತ್ರುವಿನ ಬಳಿ ಗುರಾಣಿ ಸಿದ್ಧವಿತ್ತು. ಔಷಧ ಬಳಸಿದಷ್ಟೂ ಗುರಾಣಿಯುಳ್ಳವು ಮಾತ್ರ ಉಳಿದು ಬೆಳೆಯುತ್ತವೆ. ಕೋಶದ ಪೊರೆಯನ್ನೇ ಹರಿಯುವ ಕೊಲಿಸ್ಟಿನ್ ಎಂಬ ಪೆಪ್ಟೈಡ್ ಔಷಧಕ್ಕೂ ಇದೇ ಗತಿ ಬರತೊಡಗಿದ್ದರಿಂದ, 2019ರಲ್ಲಿ ಭಾರತ ಸರ್ಕಾರ ಕೋಳಿ, ಜಾನುವಾರುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು.

ವಿಕ್ರಂ ಅವರು ಈ ಪ್ರತಿರೋಧದ ಬಗ್ಗೆ ಸಂಶೋಧನೆ ನಡೆಸಿದವರಲ್ಲ. ಆದರೆ ಔಷಧ ತಯಾರಿಸಿದರೆ ಸಾಲದು, ಅದು ಎಲ್ಲಿ ಎಷ್ಟು ಖರ್ಚಾಗುತ್ತಿದೆ ಎಂಬುದೂ ತಿಳಿಯಬೇಕೆಂಬ ನೋಟ ಅವರಿಗಿತ್ತು. ವಡೋದರಾದಲ್ಲಿ ಅವರು ಹುಟ್ಟುಹಾಕಿದ ಆಪರೇಷನ್ಸ್ ರಿಸರ್ಚ್ ಗ್ರೂಪ್ ಅಂಗಡಿ ಮಾರಾಟದ ಲೆಕ್ಕ ಹಿಡಿಯುವ ವಿಧಾನವನ್ನು ನಮ್ಮ ದೇಶದಲ್ಲಿ ಬೆಳೆಸಿತು. ಲೆಡ್ಜರಿನಲ್ಲೇ ಬದುಕು ಸವೆಸಿದ ಈ ಬ್ಯಾಂಕ್ ನೌಕರನಿಗೆ, ರಾಕೆಟ್ಟಿಗಿಂತ ಇದೇ ಹೆಚ್ಚು ಆಪ್ತ.

1971ರ ಡಿಸೆಂಬರ್ 30ರಂದು, ಕೇವಲ 52ನೆಯ ವಯಸ್ಸಿನಲ್ಲಿ, ಕೋವಳಂನಲ್ಲಿ ಅವರು ತೀರಿಕೊಂಡರು.

ಲೆಕ್ಕವಿಲ್ಲದ ಬಳಕೆ ಹೇಗಿರುತ್ತದೆಂಬುದು 1994ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಕಾಣಿಸಿತು. ಪ್ಲೇಗಿನ ಸುದ್ದಿಗೆ ಬೆದರಿದ ಜನ ಟೆಟ್ರಾಸೈಕ್ಲಿನ್‌ಗಾಗಿ ಮುಗಿಬಿದ್ದು, ಅಂಗಡಿಗಳು ಬರಿದಾದವು. ಮುಂದೆ ಜಗತ್ತಿನ ಔಷಧ ಮಾರಾಟದ ಅಂಕಿಅಂಶಗಳನ್ನು ಕೂಡಿಸಿ ನೋಡಿದಾಗ, 2010ರಲ್ಲಿ ಒಟ್ಟಾರೆ ಅತಿ ಹೆಚ್ಚು ಪ್ರತಿಜೀವಕ ಸೇವಿಸಿದ ದೇಶ ಭಾರತವೆಂದು ತಿಳಿದುಬಂತು. 2014ರಿಂದ ಕೆಲವು ಪ್ರತಿಜೀವಕಗಳನ್ನು ಮಾರುವಾಗ ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು, ಅದನ್ನು ಮೂರು ವರ್ಷ ಕಾಪಾಡಬೇಕೆಂಬ ನಿಯಮವಿದೆ.