ಹೆದರಿದ್ದನ್ನೇ ಗೆದ್ದ ಡೈಕ್‌ಸ್ಟ್ರಾ

ಮೊಬೈಲ್‌ನಲ್ಲಿ ದೊಡ್ಡ ಫೈಲ್ ಡೌನ್‌ಲೋಡ್ ಆಗುತ್ತಿರುವಾಗಲೇ ನಾವು ಹಾಡು ಕೇಳುತ್ತೇವೆ, ಮೆಸೇಜ್ ಕಳಿಸುತ್ತೇವೆ. ಆ್ಯಪ್ ತನಗೆ ಬೇಕಾದ ಮಾಹಿತಿಗಾಗಿ ಆಪರೇಟಿಂಗ್ ಸಿಸ್ಟಂಗೆ ಕೋರಿಕೆ ಸಲ್ಲಿಸಿ, ಅದು ಬರುವವರೆಗೆ ಸುಮ್ಮನೆ ಕೂರದೆ ಬೇರೆ ಕೆಲಸ ನೋಡಿಕೊಳ್ಳುತ್ತದೆ. ಮಾಹಿತಿ ಸಿದ್ಧವಾದಾಗ ಸುದ್ದಿ ಮುಟ್ಟುತ್ತದೆ. ಇಂಥ ಏರ್ಪಾಟಿನ ಮೇಲೆ ಭರವಸೆ ಇಡುವಂತೆ ಮಾಡಿದವರಲ್ಲಿ ಪ್ರಮುಖರು ನೆದರ್ಲೆಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ.

ಅವರು ಹುಟ್ಟಿದ್ದು 1930ರ ಮೇ 11ರಂದು, ರಾಟರ್‌ಡ್ಯಾಮ್‌ನಲ್ಲಿ. ತಂದೆ ರಸಾಯನಶಾಸ್ತ್ರಜ್ಞ, ತಾಯಿ ಗಣಿತ ಬಲ್ಲವರು. ಲೈಡನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗಲೇ, 1952ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಕೇಂದ್ರದಲ್ಲಿ ಪ್ರೋಗ್ರಾಮರ್ ಆದರು. 1957ರಲ್ಲಿ ಮದುವೆಯಾದಾಗ ಆ ವೃತ್ತಿಯ ಹೆಸರನ್ನು ದಾಖಲಿಸಲು ಅಧಿಕಾರಿಗಳು ಒಪ್ಪಲಿಲ್ಲ. ಅಂಥದ್ದೊಂದು ಉದ್ಯೋಗವೇ ಅವರ ಲೆಕ್ಕದಲ್ಲಿ ಇರಲಿಲ್ಲ! ಕೊನೆಗೆ ಭೌತಶಾಸ್ತ್ರಜ್ಞ ಎಂದು ಬರೆಸಬೇಕಾಯಿತು.

ಅದೇ ಹೊತ್ತಿಗೆ ಸಹೋದ್ಯೋಗಿಗಳಾದ ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟನ್ 'ಎಕ್ಸ್1' ಎಂಬ ಕಂಪ್ಯೂಟರ್ ರೂಪಿಸುತ್ತಿದ್ದರು. ಟೈಪ್‌ರೈಟರ್‌ನಂಥ ಸಾಧನಗಳು ತೀರಾ ನಿಧಾನ. ಅವುಗಳಿಗಾಗಿ ಕಾಯುವುದರಲ್ಲೇ ಕಂಪ್ಯೂಟರಿನ ಸಮಯ ಹಾಳಾಗುತ್ತಿತ್ತು. ಅದಕ್ಕೆ ಅವರು 'ಇಂಟರಪ್ಟ್' ಸೂಚಿಸಿದರು: ಸಾಧನಕ್ಕೆ ಕೆಲಸ ಒಪ್ಪಿಸಿ ಕಂಪ್ಯೂಟರ್ ಮುಂದೆ ಸಾಗಲಿ, ಮುಗಿದ ಕೂಡಲೇ ಸಾಧನವೇ ಅದನ್ನು ತಡೆದು ತಿಳಿಸಲಿ.

ಡೈಕ್‌ಸ್ಟ್ರಾ ಹೆದರಿದರು. ಆ ತಡೆ ಯಾವ ಕ್ಷಣದಲ್ಲಿ ಬರುವುದೋ ಹೇಳಲಾಗದು. ಇಂದು ಸರಿಯಾಗಿ ನಡೆದ ಪ್ರೋಗ್ರಾಂ ನಾಳೆ ಕೆಡಬಹುದು. ಆ ತಪ್ಪು ಮತ್ತೆ ಕಾಣಿಸದೆಯೂ ಹೋಗಬಹುದು. ಕೆಲಕಾಲ ವಿರೋಧಿಸಿ ಕೊನೆಗೆ ಒಪ್ಪಿದರು. ಆದರೆ ಓಡಿಸಿ ನೋಡಿದರೆ ಸಾಲದು, ತಡೆ ಯಾವಾಗ ಬಂದರೂ ಪ್ರೋಗ್ರಾಂ ಸರಿಯಿರುತ್ತದೆಂದು ತರ್ಕದಿಂದಲೇ ಖಚಿತಪಡಿಸಿಕೊಳ್ಳಬೇಕು ಎಂದು ಹಟ ತೊಟ್ಟರು. 1959ರ ಅವರ ಪಿಎಚ್.ಡಿ. ಪ್ರಬಂಧದಲ್ಲಿ ಈ ಕೆಲಸವೇ ಇದೆ.

1962ರಲ್ಲಿ ಐಂಡ್‌ಹೋವನ್‌ನಲ್ಲಿ ಪ್ರಾಧ್ಯಾಪಕರಾದರು. ಅಲ್ಲಿ ಸಣ್ಣ ತಂಡದೊಂದಿಗೆ ಕಟ್ಟಿ, 1968ರಲ್ಲಿ ಲೇಖನದ ಮೂಲಕ ಜಗತ್ತಿಗೆ ಪರಿಚಯಿಸಿದ 'ಟಿಎಚ್‌ಇ' ಆಪರೇಟಿಂಗ್ ಸಿಸ್ಟಂನಲ್ಲಿ 'ಸೆಮಫೋರ್' ಬಳಸಿದರು. ಒಂಟಿ ಹಳಿಯ ಮೇಲೆ ಎರಡು ರೈಲು ಎದುರಾಗದಂತೆ ಸಿಗ್ನಲ್ ತಡೆಯುತ್ತದಲ್ಲ, ಹಾಗೆಯೇ ಇದು. ಸಾಧನದ ಉತ್ತರ ಬೇಕೇಬೇಕಾದ ಪ್ರೋಗ್ರಾಂ ಮಾತ್ರ ನಿಲ್ಲುತ್ತದೆ, ಉಳಿದವು ನಡೆಯುತ್ತವೆ. ಉತ್ತರ ಬಂದಾಗ ನಿಂತದ್ದು ಮತ್ತೆ ಹೊರಡುತ್ತದೆ.

1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಅವರನ್ನು ಅರಸಿ ಬಂತು. 1984ರಿಂದ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, ನಿವೃತ್ತಿಯ ನಂತರ ತಾಯ್ನಾಡಿಗೆ ಮರಳಿ, 2002ರ ಆಗಸ್ಟ್ 6ರಂದು ನಿಧನರಾದರು.

ಇಂಟರಪ್ಟ್, ಸೆಮಫೋರ್ ಎರಡೂ ಇಂದಿನ ಆಪರೇಟಿಂಗ್ ಸಿಸ್ಟಂಗಳಲ್ಲಿ ಇವೆ. ಕೋಡಿಂಗ್ ಕಲಿಯುವ ನಾವು, ಒಮ್ಮೆ ಓಡಿದರೆ ಸಾಕು ಎಂದು ಕೈತೊಳೆದುಕೊಳ್ಳುತ್ತೇವೆ. ಡೈಕ್‌ಸ್ಟ್ರಾ ಅವರ ಹೆದರಿಕೆಯಲ್ಲಿ ಸ್ವಲ್ಪವಾದರೂ ನಮಗಿದ್ದರೆ ಒಳ್ಳೆಯದು.