ತುಲಿಯೊ ಕಂಪಾನ್ಯೊಲೊ

ರಾಯಚೂರಿನಿಂದ ಮಾನ್ವಿಗೋ ದೇವದುರ್ಗಕ್ಕೋ ಸಾಗುವ ಹಾದಿಗಳಲ್ಲಿ ಸೈಕಲ್ ತುಳಿಯುವವರು ಅನೇಕರು. ಗಾಳಿ ಇದೆಯೇ, ಬ್ರೇಕು ಹಿಡಿಯುವುದೇ ಎಂದು ನೋಡಿಕೊಳ್ಳುವವರು ಕೂಡ ಚಕ್ರವನ್ನು ಬಿಗಿದಿರುವ ನಟ್ಟುಗಳತ್ತ ಕಣ್ಣು ಹಾಯಿಸುವುದು ಅಪರೂಪ. ಈ ಸಣ್ಣ ಬಿಗಿತವನ್ನು ದೊಡ್ಡ ಪ್ರಶ್ನೆಯೆಂದು ಕಂಡವನು ಇಟಲಿ ದೇಶದ ತುಲಿಯೊ ಕಂಪಾನ್ಯೊಲೊ.

ಅವನು 1901ರಲ್ಲಿ ವಿಚೆಂಜಾ ನಗರದಲ್ಲಿ ಜನಿಸಿದನು. ತಂದೆಯದು ಕಬ್ಬಿಣದ ಸಾಮಾನಿನ ಅಂಗಡಿ. ಉಪಕರಣಗಳ ನಡುವೆ ಬೆಳೆದ ತುಲಿಯೊ ತಾರುಣ್ಯದಲ್ಲಿ ಸೈಕಲ್ ಓಟಗಳಲ್ಲಿ ಪಾಲ್ಗೊಳ್ಳತೊಡಗಿದನು. ಆಗಿನ ಓಟದ ಸೈಕಲ್ಲುಗಳ ಹಿಂದಿನ ಚಕ್ರಕ್ಕೆ ಎರಡೂ ಪಕ್ಕದಲ್ಲಿ ಬೇರೆ ಬೇರೆ ಅಳತೆಯ ಹಲ್ಲುಗಾಲಿಗಳಿರುತ್ತಿದ್ದವು. ಏರು ಬಂದರೆ ಸವಾರನು ಇಳಿದು, ನಟ್ಟುಗಳನ್ನು ಬಿಚ್ಚಿ, ಚಕ್ರವನ್ನು ತಿರುಗಿಸಿ ಮತ್ತೆ ಜೋಡಿಸಬೇಕಾಗಿತ್ತು.

1927ರ ನವೆಂಬರ್ ತಿಂಗಳು. ಕ್ರೋಚೆ ದಾವುನೆ ಎಂಬ ಕಣಿವೆಯ ಏರಿನಲ್ಲಿ ಹಿಮ ಬಿದ್ದಿತ್ತು. ಚಳಿಗೆ ತುಲಿಯೊನ ಬೆರಳುಗಳು ಮರಗಟ್ಟಿದವು. ರೆಕ್ಕೆಯಂತಹ ಕಿವಿಗಳುಳ್ಳ ನಟ್ಟುಗಳು ಹೆಪ್ಪುಗಟ್ಟಿ ಕದಲಲಿಲ್ಲ. ಅವನು ಹೆಣಗುತ್ತಿರುವಾಗಲೇ ಉಳಿದವರು ಮುಂದೆ ಸಾಗಿದರೆಂದು ಪ್ರತೀತಿ. ಈ ಕಥೆಗೆ ಕಾಲಕ್ರಮೇಣ ಒಂದಿಷ್ಟು ಬಣ್ಣ ಕೂಡಿರಬಹುದು. ಆದರೆ ಅವನು ಮಾಡಿದ ಕೆಲಸ ಕಥೆಯಲ್ಲ.

ಅವನು ರೂಪಿಸಿದ ಸಾಧನ ಸರಳವಾದುದು. ಟೊಳ್ಳಾದ ಇರುಸಿನೊಳಗೆ ತೆಳುವಾದ ಸಲಾಕೆ. ಅದರ ಒಂದು ತುದಿಗೆ ನಟ್ಟು, ಮತ್ತೊಂದು ತುದಿಗೆ ಸನ್ನೆ. ಸನ್ನೆಯ ಬುಡದಲ್ಲಿ ನಡು ತಪ್ಪಿದ ಉರುಳೆಯಿದೆ. ಸನ್ನೆಯನ್ನು ಮಡಿಚಿದೊಡನೆ ಉರುಳೆಯು ಸಲಾಕೆಯನ್ನು ಎಳೆದು, ಚಕ್ರವನ್ನು ಚೌಕಟ್ಟಿಗೆ ಅಮುಕಿ ಹಿಡಿಯುತ್ತದೆ. ಪಾನಾ ಬೇಕಿಲ್ಲ. 1933ರಲ್ಲಿ ತುಲಿಯೊ ವಿಚೆಂಜಾದಲ್ಲಿ ತನ್ನ ಉದ್ಯಮವನ್ನು ಆರಂಭಿಸಿದನು. ಮುಂದೆ ಗೇರು ಬದಲಿಸುವ ಸಾಧನಗಳಿಗೂ ಆ ಸಂಸ್ಥೆ ಹೆಸರಾಯಿತು.

ಬಿಚ್ಚಲು ಸುಲಭವಾದುದು ಅಜಾಗರೂಕತೆಯಿಂದ ಸಡಿಲವಾಗಿ ಉಳಿಯುವುದೂ ಸುಲಭ. ಸನ್ನೆಯನ್ನು ನಟ್ಟಿನಂತೆ ಸುತ್ತಿ ಬಿಡುವವರುಂಟು. ಅದು ಬಿಗಿಯೇ ಅಲ್ಲ. ಸನ್ನೆ ಅರ್ಧದಷ್ಟು ಮಡಿಚಿದಾಗ ಬಿಗಿ ಹತ್ತಬೇಕು, ಪೂರ್ತಿ ಮಡಿಚುವಾಗ ಅಂಗೈಯಲ್ಲಿ ಅದರ ಗುರುತು ಮೂಡಬೇಕು. ಇಲ್ಲವಾದರೆ ತಗ್ಗಿಗೆ ಬಿದ್ದ ಕ್ಷಣದಲ್ಲಿ ಮುಂದಿನ ಚಕ್ರ ಕಳಚಿ, ಸವಾರನು ತಲೆಕೆಳಗಾಗಿ ಬೀಳುವನು. ಇಂತಹ ಅಪಘಾತಗಳನ್ನು ತಡೆಯಲೆಂದೇ ತಯಾರಕರು ಮುಂದೆ ಫೋರ್ಕಿನ ತುದಿಗಳಲ್ಲಿ ಸಣ್ಣ ಏಣುಗಳನ್ನು ಇರಿಸಿದರು.

ತುಲಿಯೊ 1983ರಲ್ಲಿ ನಿಧನನಾದನು. ಅವನ ಸನ್ನೆ ಓಟದ ಸೈಕಲ್ಲುಗಳೊಡನೆ ಜಗತ್ತನ್ನೆಲ್ಲ ಸುತ್ತಿತು. ಮಾನ್ವಿಯ ಗದ್ದೆಗಳ ನಡುವೆ, ದೇವದುರ್ಗದ ಕಲ್ಲುಹಾದಿಗಳಲ್ಲಿ ಓಡುವ ಸಾದಾ ಸೈಕಲ್ಲುಗಳಿಗೆ ಮಾತ್ರ ಎರಡು ಬದಿಯ ನಟ್ಟುಗಳೇ ಆಧಾರ. ಅಲ್ಲಿ ಹಿಮವಿಲ್ಲ, ಕುಲುಕಾಟವಿದೆ. ಹೊರಡುವ ಮುನ್ನ ಎರಡೂ ನಟ್ಟುಗಳಿಗೆ ಪಾನಾ ಹಾಕಿ ನೋಡಬೇಕು. ಮುಂಭಾಗವನ್ನು ಎತ್ತಿ, ಚಕ್ರದ ನೆತ್ತಿಗೆ ಅಂಗೈಯಿಂದ ಒಮ್ಮೆ ಗುದ್ದಬೇಕು. ಚಕ್ರ ಕದಲಕೂಡದು.