ರಾಮರಾಜರ ವಾಸ್ತುಗ್ರಂಥ

ನಮ್ಮ ದೇವಾಲಯಗಳನ್ನು ಕುರಿತು ಇಂದು ಲೇಖನಿ ಹಿಡಿಯುವವರಿಗೆ ಅಧಿಷ್ಠಾನ, ಉಪಪೀಠ, ಪ್ರಸ್ತರ, ವಿಮಾನ ಎಂಬ ಶಬ್ದಗಳು ಕರತಲಾಮಲಕ. ಪ್ರವಾಸಕ್ಕೆ ಹೋದ ವಿದ್ಯಾರ್ಥಿಯೂ ಬೇಲೂರಿನಲ್ಲಿ ನಿಂತು ಇವುಗಳಲ್ಲಿ ಎರಡನ್ನಾದರೂ ಉಚ್ಚರಿಸುತ್ತಾನೆ. ಆದರೆ ಇನ್ನೂರು ವರ್ಷಗಳ ಹಿಂದೆ ಈ ಶಬ್ದಗಳು ತಾಳೆಗರಿಯ ಕಟ್ಟುಗಳಲ್ಲಿಯೂ ಸ್ಥಪತಿಗಳ ಮನೆಯೊಳಗೂ ಅಡಗಿದ್ದುವು. ಅವನ್ನು ಹೊರತಂದು, ಅರ್ಥ ನಿಶ್ಚಯಿಸಿ, ಚಿತ್ರಸಹಿತವಾಗಿ ಅಚ್ಚಿಗೆ ಸಿದ್ಧಪಡಿಸಿದ ಮೊದಲಿಗರು ಬೆಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ರಾಮರಾಜರು. ಭಾರತೀಯ ವಾಸ್ತುವನ್ನು ಶಾಸ್ತ್ರೀಯವಾಗಿ ಓದಿದವರೆಲ್ಲರೂ ಬಲ್ಲ ಹೆಸರಿದು. ಅವರು ನ್ಯಾಯಾಸನದಲ್ಲಿ ಕುಳಿತಿದ್ದ ಊರಿನಲ್ಲಿಯೇ ಅವರನ್ನು ನೆನೆಯುವವರು ವಿರಳವೆಂಬುದು ಖೇದದ ಸಂಗತಿ.

ರಾಮರಾಜರು ಜನಿಸಿದ್ದು 1790ರ ಸುಮಾರಿಗೆ, ತಂಜಾವೂರಿನಲ್ಲಿ. ವಿಜಯನಗರದ ಅರಸುಮನೆತನದ ಸಂಬಂಧವನ್ನು ಹೇಳಿಕೊಳ್ಳುತ್ತಿದ್ದ ಕುಟುಂಬವಾದರೂ ಮನೆಯಲ್ಲಿ ಬಡತನವಿತ್ತು. ತರುಣರಾಗಿದ್ದಾಗ ಸೈನ್ಯಾಧಿಕಾರಿಯೊಬ್ಬನ ವಕೀಲರಾಗಿ, ದೇಶೀಯ ಪಲ್ಟಣವೊಂದರ ಗುಮಾಸ್ತರಾಗಿ, ಅನಂತರ ಮದರಾಸಿನ ಸೈನಿಕ ಲೆಕ್ಕಪತ್ರ ಕಚೇರಿಯಲ್ಲಿ ಉದ್ಯೋಗಿಯಾಗಿ ಜೀವನ ಸಾಗಿಸಿದರು. ಟಿಪ್ಪೂ ಸುಲ್ತಾನನ ಆಡಳಿತ ನಿಬಂಧನೆಗಳನ್ನು ಮರಾಠಿಯಿಂದ ಇಂಗ್ಲಿಷಿಗೆ ಪರಿವರ್ತಿಸಿಕೊಟ್ಟದ್ದರಿಂದ ಅವರ ಭಾಷಾಸಾಮರ್ಥ್ಯವು ಅಧಿಕಾರಿಗಳ ಗಮನಕ್ಕೆ ಬಂದಿತು. 1812ರಲ್ಲಿ ಸ್ಥಾಪಿತವಾಗಿದ್ದ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಿ 1815ರಲ್ಲಿ ಇಂಗ್ಲಿಷ್ ಮುಖ್ಯೋಪಾಧ್ಯಾಯರಾದರು. ಅಲ್ಲಿಂದ ಮುಂದೆ ಬೆಂಗಳೂರಿನ ದೇಶೀಯ ನ್ಯಾಯಾಧೀಶ ಪದವಿಗೆ ಬಂದರು. ಉಪಾಧ್ಯಾಯ ವೃತ್ತಿಯಿಂದ ನ್ಯಾಯಪೀಠಕ್ಕೆ ಏರಿದವರು ಆ ಕಾಲದಲ್ಲಿ ಎಷ್ಟು ಮಂದಿ ಇದ್ದಿರಬಹುದು? ಕಂಪೆನಿಯ ನ್ಯಾಯಾಲಯಗಳಲ್ಲಿ ಪಂಚರ ಮೂಲಕ ವಿಚಾರಣೆ ನಡೆಸುವ ವಿಷಯವಾಗಿ ಅವರು ಬರೆದ ಪತ್ರವೂ ವಿದ್ವಜ್ಜನರ ಮೆಚ್ಚುಗೆಗೆ ಪಾತ್ರವಾಯಿತು.

1823ರಲ್ಲಿ ಲಂಡನ್ನಿನಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿ ಸ್ಥಾಪಿತವಾಯಿತು. ರಾಮರಾಜರು ಅದರ ಪತ್ರವ್ಯವಹಾರ ಸದಸ್ಯರಾದರು. ಅವರ ಯೋಗ್ಯತೆಯನ್ನು ಬಲ್ಲವರಾಗಿದ್ದ, ಮದರಾಸಿನ ಸಿವಿಲ್ ಸೇವೆಯಲ್ಲಿದ್ದ ರಿಚರ್ಡ್ ಕ್ಲಾರ್ಕರು ಹಿಂದೂ ವಾಸ್ತುವಿನ ಮೂಲಗ್ರಂಥಗಳನ್ನು ಶೋಧಿಸಿ ಒಂದು ಪ್ರಬಂಧವನ್ನು ರಚಿಸಬೇಕೆಂದು ಪ್ರೇರೇಪಿಸಿದರು. ಕೇಳುವುದು ಸುಲಭ. ಮಾಡುವವನ ಪಾಡು ಬೇರೆ.

ಮೊದಲನೆಯ ಕಷ್ಟವೆಂದರೆ ಗ್ರಂಥಗಳ ದುರ್ಲಭತೆ. ಮಾನಸಾರ, ಮಯಮತ, ಕಾಶ್ಯಪ, ಸಕಲಾಧಿಕಾರ, ವಿಶ್ವಕರ್ಮೀಯ ಮೊದಲಾದ ಹೆಸರುಗಳೇನೋ ಕೇಳಿಬರುತ್ತಿದ್ದುವು. ಪ್ರತಿಗಳು ಮಾತ್ರ ಛಿನ್ನಭಿನ್ನ. ಎಲ್ಲಕ್ಕಿಂತ ವಿಸ್ತಾರವಾದ ಮಾನಸಾರದ ಪೂರ್ಣ ಪ್ರತಿ ಅವರಿಗೆ ಕೊನೆಗೂ ಒದಗಲಿಲ್ಲ. ದೊರೆತ ಓಲೆಗಳಲ್ಲಿಯಾದರೂ ಲಿಪಿಕಾರರ ಪ್ರಮಾದಗಳು ಹೆಜ್ಜೆಹೆಜ್ಜೆಗೂ ಎಡವಿಸುತ್ತಿದ್ದುವು. ಹುಳು ತಿಂದ ಗರಿಯನ್ನು ದೀಪದ ಮುಂದೆ ಹಿಡಿದು ಒಂದು ಒತ್ತಕ್ಷರಕ್ಕಾಗಿ ಅರ್ಧ ರಾತ್ರಿ ಕಳೆದವರಿಗೆ ಈ ಮಾತಿನ ಅರ್ಥ ತಿಳಿದೀತು.

ಎರಡನೆಯ ಕಷ್ಟ ಇನ್ನೂ ದೊಡ್ಡದು. ಪಂಡಿತರನ್ನು ವಿಚಾರಿಸಿದರೆ ಅವರಿಗೆ ವ್ಯಾಕರಣ ಬರುತ್ತಿತ್ತು, ಶಿಲ್ಪ ಬರುತ್ತಿರಲಿಲ್ಲ. ಶಿಲ್ಪಿಗಳನ್ನು ಕೇಳಿದರೆ ಅವರಿಗೆ ಕೆಲಸ ಬರುತ್ತಿತ್ತು. ವಂಶಪಾರಂಪರ್ಯವಾಗಿ ಬಾಯಿಪಾಠ ಮಾಡಿದ್ದ ಶ್ಲೋಕಗಳ ಅನ್ವಯ ಬರುತ್ತಿರಲಿಲ್ಲ. ಅದೂ ಅಲ್ಲದೆ ಕುಲವಿದ್ಯೆಯನ್ನು ಅನ್ಯರಿಗೆ ತೋರಿಸಲು ಅವರಿಗೆ ಸಂಕೋಚ. ನಿಘಂಟನ್ನು ನಂಬಿದರೂ ದಾರಿ ತಪ್ಪುವುದೇ. ಅಮರವನ್ನು ಕಂಠಪಾಠ ಮಾಡಿದ ನನ್ನಂಥವನಿಗೆ ಕಪೋತವೆಂದರೆ ಪಾರಿವಾಳ, ಕುಮುದವೆಂದರೆ ಬಿಳಿಯ ನೈದಿಲೆ, ನಾಸಿಕೆಯೆಂದರೆ ಮೂಗು. ಸ್ಥಪತಿಗಾದರೋ ಕಪೋತವು ಗೋಡೆಯ ಮೇಲಿನಿಂದ ಬಾಗಿ ಹೊರಚಾಚಿದ ಮುಂಚೂರು. ಕುಮುದವು ಅಧಿಷ್ಠಾನದಲ್ಲಿ ದುಂಡಾಗಿ ಉಬ್ಬಿದ ಪಟ್ಟಿಕೆ. ನಾಸಿಕೆಯು ಮುಂಚೂರಿನ ಮೇಲೆ ಕಮಾನಿನಂತೆ ಎದ್ದುನಿಲ್ಲುವ ಅಲಂಕಾರ. ಕೋಶವನ್ನು ಹಿಡಿದುಕೊಂಡೇ ಅನುವಾದಿಸಿದ್ದರೆ ಲಂಡನ್ನಿನ ವಿದ್ವಾಂಸರು ನಮ್ಮ ದೇವಾಲಯಗಳ ತಳಪಾಯದಲ್ಲಿ ಹೂದೋಟವನ್ನೂ ಸೂರಿನಲ್ಲಿ ಹಕ್ಕಿಗೂಡನ್ನೂ ಕಾಣುತ್ತಿದ್ದರು!

ರಾಮರಾಜರು ಹಿಡಿದ ಮಾರ್ಗವು ವಿವೇಕಯುತವಾದುದು. ಶ್ಲೋಕಕ್ಕೆ ಪಂಡಿತನನ್ನು, ಪಾರಿಭಾಷಿಕ ಪದಕ್ಕೆ ಶಿಲ್ಪಿಯನ್ನು, ಇಬ್ಬರಿಗೂ ಸಾಕ್ಷಿಯಾಗಿ ನಿಂತಿರುವ ದೇವಾಲಯವನ್ನು ಆಶ್ರಯಿಸಿದರು. ಒಂದು ಗ್ರಂಥದಲ್ಲಿ ಅಸ್ಪಷ್ಟವಾದುದನ್ನು ಇನ್ನೊಂದರೊಡನೆ ಹೋಲಿಸಿದರು. ನ್ಯಾಯಸ್ಥಾನದಲ್ಲಿ ಸಾಕ್ಷಿಗಳ ಹೇಳಿಕೆಯನ್ನು ತೂಗುತ್ತಿದ್ದವರಿಗೆ ಇದು ಸಹಜವಾಗಿ ಬಂದ ಕ್ರಮವಿರಬೇಕೆಂದು ನನ್ನ ಊಹೆ. ಹೀಗೆ ಅಳತೆಗಳ ಕೋಷ್ಟಕ, ಉಪಪೀಠ, ಅಧಿಷ್ಠಾನ, ಸ್ತಂಭ, ಪ್ರಸ್ತರ, ವಿಮಾನ, ಗೋಪುರ ಎಂದು ಪ್ರಬಂಧವು ರೂಪುಗೊಂಡಿತು. ನಾಲ್ಕು ಮೂಲೆಯ ಕಂಬ ಬ್ರಹ್ಮಕಾಂತ, ಎಂಟು ಮೂಲೆಯದು ವಿಷ್ಣುಕಾಂತ, ಹದಿನಾರು ಮೂಲೆಯದು ಅಥವಾ ದುಂಡನೆಯದು ರುದ್ರಕಾಂತ, ಐದು ಮೂಲೆಯದು ಶಿವಕಾಂತ, ಆರು ಮೂಲೆಯದು ಸ್ಕಂದಕಾಂತ ಎಂಬ ವಿಭಾಗವು ಹೊರನಾಡಿನವರಿಗೆ ತಿಳಿದದ್ದು ಹೀಗೆ.

ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಅವಕಾಶವುಂಟು. ನಮ್ಮ ಸ್ತಂಭಗಳನ್ನು ಅವರು ಗ್ರೀಕ್ ಮತ್ತು ರೋಮನ್ ಸ್ತಂಭಗಳೊಡನೆ, ವ್ಯಾಸವನ್ನು ಮಾನವಾಗಿಟ್ಟು ಎತ್ತರವನ್ನು ಲೆಕ್ಕಹಾಕುವ ರೀತಿಯಲ್ಲಿ, ಮತ್ತೆಮತ್ತೆ ಹೋಲಿಸುತ್ತಾರೆ. ಪರರ ಕೋಲಿನಿಂದ ನಮ್ಮ ಹೊಲವನ್ನು ಅಳೆಯಬೇಕೆ ಎಂದು ಕೇಳುವವರಿದ್ದಾರೆ. ನನಗೆ ಆ ಆಕ್ಷೇಪ ಪೂರ್ಣವಾಗಿ ಒಪ್ಪಿಗೆಯಿಲ್ಲ. ಗ್ರಂಥವನ್ನು ಪರಿಶೀಲಿಸಿ ಅಚ್ಚಿಗೆ ಯೋಗ್ಯವೆನ್ನಬೇಕಾದವರು ಆ ಸ್ತಂಭಗಳನ್ನಷ್ಟೇ ಕಂಡವರು. ಅವರಿಗೆ ತಿಳಿದ ಅಳತೆಯನ್ನು ಅವರ ಮುಂದಿಟ್ಟು, ನಮ್ಮ ಶಾಸ್ತ್ರವೂ ಅಷ್ಟೇ ನಿಯತವಾದುದೆಂದು ತೋರಿಸುವುದು ಅವರ ಉದ್ದೇಶವಾಗಿತ್ತು.

ಬರಹವೊಂದೇ ಸಾಲದು; ಚಿತ್ರಗಳೂ ಬೇಕು. ಒಂದೊಂದು ಪಟ್ಟಿಕೆಯ ಎತ್ತರ, ಚಾಚು, ಕಂಬದ ಬೋದಿಗೆಯ ಬಾಗು, ಗೋಪುರದ ಒಂದೊಂದು ನೆಲೆಯ ಇಳಿತ ಎಲ್ಲವೂ ಅಳತೆಗೆ ಸರಿಯಾಗಿ ರೇಖೆಗಿಳಿಯಬೇಕಿತ್ತು. ಅಂಥ 48 ಫಲಕಗಳು ಗ್ರಂಥಕ್ಕೆ ಅಂಗವಾದುವು. ಶಬ್ದದಲ್ಲಿ ಉಳಿದ ಸಂಶಯವನ್ನು ರೇಖೆಯು ಅಡಗಿಸಲಾರದು. ಕಪೋತವೆಂದರೆ ಏನೆಂದು ನಿಶ್ಚಯವಾಗದೆ ಅದರ ಚಿತ್ರವನ್ನು ಬರೆಯುವಂತಿಲ್ಲ. ಆದುದರಿಂದ ಫಲಕಗಳನ್ನು ಪ್ರಬಂಧದ ಅಲಂಕಾರವೆನ್ನುವುದಕ್ಕಿಂತ ಪರೀಕ್ಷೆಯೆನ್ನುವುದು ಯುಕ್ತ.

ಇಷ್ಟನ್ನೂ ನ್ಯಾಯಾಲಯದ ಕೆಲಸದ ಬಿಡುವಿನಲ್ಲಿ ಮಾಡಿದರು. ಆ ಕಾಲಕ್ಕೆ ಸೂಯೆಜ್ ಕಾಲುವೆಯಿರಲಿಲ್ಲ. ಮದರಾಸಿನಿಂದ ಹೊರಟ ಹಡಗು ಆಫ್ರಿಕಾವನ್ನು ಬಳಸಿ ಲಂಡನ್ ಸೇರಲು ತಿಂಗಳುಗಳೇ ಬೇಕು. ಒಂದು ಸಂದೇಹವನ್ನು ಬರೆದು ಕೇಳಿ ಉತ್ತರ ಪಡೆಯುವಷ್ಟರಲ್ಲಿ ವರ್ಷವೊಂದು ಸರಿದುಹೋಗುತ್ತಿತ್ತು. ಹಸ್ತಪ್ರತಿಯ ಒಂದು ಪುಟದಲ್ಲಿ ತಪ್ಪಿದ್ದರೆ ಅದನ್ನು ಅಚ್ಚಿನ ಕರಡಿನಲ್ಲಿ ಕಂಡು ತಿದ್ದುವ ಸೌಕರ್ಯವು ಬೆಂಗಳೂರಿನಲ್ಲಿ ಕುಳಿತ ಗ್ರಂಥಕರ್ತರಿಗೆ ಇರಲಿಲ್ಲ. ಕಳುಹಿಸುವ ಮುನ್ನವೇ ಎಲ್ಲವೂ ಸರಿಯಿರಬೇಕು.

ಆ ಗ್ರಂಥವನ್ನು ಅವರು ಅಚ್ಚಿನಲ್ಲಿ ಕಾಣಲಿಲ್ಲ. 1833ರ ಸುಮಾರಿಗೆ, ನಲವತ್ತರ ಆಚೀಚಿನ ವಯಸ್ಸಿನಲ್ಲಿಯೇ ರಾಮರಾಜರು ಕಾಲವಾದರು. ಸೊಸೈಟಿಯು ಕೈಬಿಡದೆ 1834ರಲ್ಲಿ ಪ್ರಬಂಧವನ್ನು ಲಂಡನ್ನಿನ ಜಾನ್ ವಿಲಿಯಂ ಪಾರ್ಕರ್ ಎಂಬವರ ಮೂಲಕ ಪ್ರಕಟಿಸಿತು. ಅದರ ಕಾರ್ಯದರ್ಶಿಯಾಗಿದ್ದ ಹಾರ್ಕ್‌ನೆಸ್ ಅವರು ಮುನ್ನುಡಿಯಲ್ಲಿ ಗ್ರಂಥಕರ್ತರ ಜೀವನವನ್ನು ಸಂಗ್ರಹವಾಗಿ ನಿರೂಪಿಸಿದರು. ಇಂದು ರಾಮರಾಜರನ್ನು ಕುರಿತು ನಮಗೆ ತಿಳಿದಿರುವುದರಲ್ಲಿ ಬಹುಪಾಲು ಆ ಕೆಲವು ಪುಟಗಳ ಋಣ.

ಅವರಿಗೆ ದೊರೆಯದ ಮಾನಸಾರದ 70 ಅಧ್ಯಾಯಗಳನ್ನು ಅನೇಕ ಹಸ್ತಪ್ರತಿಗಳ ಆಧಾರದಿಂದ ಪ್ರಸನ್ನಕುಮಾರ ಆಚಾರ್ಯರು ಸಂಪಾದಿಸಿ, ಇಂಗ್ಲಿಷ್ ಅನುವಾದದೊಡನೆ ಹೊರತಂದದ್ದು ಸರಿಸುಮಾರು ನೂರು ವರ್ಷಗಳ ತರುವಾಯ, 1930ರ ದಶಕದಲ್ಲಿ. ಅಷ್ಟು ಕಾಲದವರೆಗೆ ಹಿಂದೂ ವಾಸ್ತುವಿನ ಶಾಸ್ತ್ರವನ್ನು ಅರಸಿ ಬಂದ ಪರದೇಶದ ವಿದ್ಯಾರ್ಥಿಯು ಮೊದಲು ತೆರೆಯುತ್ತಿದ್ದ ಪುಸ್ತಕ ರಾಮರಾಜರದಾಗಿತ್ತು. ಅದರ ಮುಖಪುಟದಲ್ಲಿ ಗ್ರಂಥಕರ್ತರ ಹೆಸರಿನ ಕೆಳಗೆ, ಅವರು ಬದುಕಿರುವರೆಂಬಂತೆಯೇ, ಬೆಂಗಳೂರಿನ ದೇಶೀಯ ನ್ಯಾಯಾಧೀಶರೆಂದು ಅಚ್ಚಾಗಿದೆ.